ಮೂರೂವರೆ ಕಾಲಿನ ಆನೆ

ನಮ್ಮ ಹೊಲದ ಕಾಗದಪತ್ರಗಳನ್ನು ಎಲ್ಲಿಟ್ಟಿದ್ದೀರಿ ಎಂದು ಯಾರಾದರೂ ಕೇಳಿದರೆ ನನಗೆ ಉತ್ತರ ಹೇಳಲು ಸ್ವಲ್ಪ ನಾಚಿಕೆ. 37 ವರ್ಷ ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದವನು, ಲಾಕರುಗಳ ಬೀಗದ ಸಪ್ಪಳದಲ್ಲೇ ಕೂದಲು ಹಣ್ಣಾದವನು, ತನ್ನ ಪಹಣಿ, ಖರೀದಿ ಪತ್ರ, ಹಳೆಯ ಕಂದಾಯದ ರಸೀದಿ ಎಲ್ಲವನ್ನೂ ಒಂದು ಕೂಸಿನ ಕುಂಚಿಗಿಯಲ್ಲಿ ಸುತ್ತಿ ಕಬ್ಬಿಣದ ಟ್ರಂಕಿನ ತಳದಲ್ಲಿ ಇಟ್ಟಿದ್ದಾನೆ.

ಕುಂಚಿಗಿ ಅಂದರೆ ಏನು ಎಂದು ಈಗಿನ ಮಕ್ಕಳಿಗೆ ಹೇಳಬೇಕಾಗುತ್ತದೆ. ಅಜ್ಜ ಅಜ್ಜಿಯರಿಗೆ ಬೇಡ, ಅವರು ಅದನ್ನು ಹಾಕಿಕೊಂಡೇ ದೊಡ್ಡವರಾದವರು. ಕೂಸಿನ ತಲೆಗೆ ಟೊಪ್ಪಿಗೆಯಂತೆ ಕೂತು, ಹಿಂದೆ ಬೆನ್ನು ತುಂಬ ಇಳಿಬೀಳುವ ಅರಿವೆ ಅದು. ಗದ್ದದ ಕೆಳಗೆ ಕಸೆ ಕಟ್ಟಿದರೆ ಗಾಳಿ, ಬಿಸಿಲು, ಕಣ್ಣೆಸರು ಮೂರಕ್ಕೂ ಒಂದೇ ಕಾವಲು. ನಮ್ಮ ಮನೆಯ ಕುಂಚಿಗಿ ಕರಿ ಬಣ್ಣದ್ದು. ಅದನ್ನು ನಮ್ಮವ್ವ 1951ರಲ್ಲಿ ನಾನು ಹುಟ್ಟುವ ಮುಂಚೆ ಹೊಲಿದದ್ದು. ಅದರ ಕೆಳಅಂಚಿನಲ್ಲಿ ಕೆಂಪು ರೇಷ್ಮೆ ದಾರದ ಐದು ಆನೆಗಳು ಸಾಲಾಗಿ ನಡೆಯುತ್ತವೆ, ಮೇಲೆ ಹಸಿರು ದಾರದ ಒಂದು ಗೋಪುರ.

ಹೋದ ಬೇಸಿಗೆ ರಜೆಗೆ ಬೆಂಗಳೂರಿನಿಂದ ವಳಕಮದಿನ್ನಿಗೆ ಬಂದ ನನ್ನ ಮೊಮ್ಮಗಳು, ಏಳನೇ ತರಗತಿಯವಳು, ಬೆಳೆ ವಿಮೆಯ ಕೆಲಸಕ್ಕೆ ನಾನು ಟ್ರಂಕ್ ತೆಗೆದಾಗ ಪಕ್ಕದಲ್ಲೇ ಕೂತಿದ್ದಳು. ಕಾಗದಗಳನ್ನು ನಾನು ನೋಡುತ್ತಿದ್ದೆ, ಕುಂಚಿಗಿಯನ್ನು ಅವಳು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ, "ತಾತ, ಇದರಲ್ಲಿ ಒಳಗಡೆ ಯಾವುದು, ಹೊರಗಡೆ ಯಾವುದು?" ಎಂದಳು.

"ಹೊಲಿಗೆ ನೋಡಿದರ ಗೊತ್ತಾಗತದ, ಗಂಟು ಇದ್ದ ಕಡೆ ಒಳಗ," ಎಂದೆ, ತಲೆ ಎತ್ತದೆ.

"ಗಂಟೇ ಇಲ್ಲ. ಎರಡೂ ಕಡೆ ಒಂದೇ ಆನೆ."

ತಲೆ ಎತ್ತಿ ನೋಡಿದೆ. ಹೌದು. ಎಪ್ಪತ್ತು ದಾಟಿದ ನನಗೆ ಅದು ಅಂದೇ ಗೊತ್ತಾಯಿತು ಎಂದರೆ ನೀವು ನಗಬಹುದು. ಆ ಕುಂಚಿಗಿಯನ್ನು ನಾನು ನೂರು ಸಲ ಬಿಚ್ಚಿದ್ದೇನೆ, ನೂರು ಸಲ ಕಟ್ಟಿದ್ದೇನೆ. ತಿರುವಿ ನೋಡಿರಲಿಲ್ಲ.

ಅದನ್ನು ತಿರುವಿ ನೋಡಿದ ಕೂಡಲೇ 40 ವರ್ಷದ ಹಿಂದಿನ ಒಂದು ಮಾತು ಕಿವಿಗೆ ಬಂತು. ಅದನ್ನು ಕೊನೆಗೆ ಹೇಳಿದರೆ ತಪ್ಪಿಸಿಕೊಂಡಂತೆ ಆದೀತು, ಈಗಲೇ ಹೇಳಿಬಿಡುತ್ತೇನೆ.

1984ರಲ್ಲಿ ನನಗೆ ವರ್ಗವಾಗಿತ್ತು. ಸಾಮಾನು ಕಟ್ಟುತ್ತಿದ್ದೆವು. ಆಗ ಬೀದಿಯಲ್ಲಿ ಹಳೇ ಅರಿವೆಗೆ ಸ್ಟೀಲ್ ಪಾತ್ರೆ ಕೊಡುವವರು ಬರುತ್ತಿದ್ದರು, ನಿಮ್ಮ ಮನೆಯಲ್ಲೂ ಅವರ ಹತ್ತಿರ ತೆಗೆದುಕೊಂಡ ಒಂದಾದರೂ ಡಬ್ಬಿ ಇದ್ದೀತು. ಟ್ರಂಕಿನಲ್ಲಿ ಅವ್ವನ ಚಂದ್ರಕಾಳಿ ಸೀರೆ ಇತ್ತು. ಇಳಕಲ್ಲಿನ ಕರಿ ಸೀರೆ, ಕೆಂಪು ಸೆರಗು, ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು. ಅಲ್ಲಿಂದ ಮೇಲಕ್ಕೆ ಹೋದಂತೆ ಚಿತ್ರಗಳು ಸಣ್ಣದಾಗುತ್ತ ಗಿಳಿ, ನಕ್ಷತ್ರ, ಚುಕ್ಕಿ. ಮಡಿಕೆಗಳಲ್ಲಿ ಬಿರುಕು ಬಿಟ್ಟಿತ್ತು. ನಾನು ಲೆಕ್ಕದ ಮನುಷ್ಯ. ಉಡಲು ಬಾರದ ಸೀರೆ, ಬಳಸಲು ಬರುವ ಪಾತ್ರೆ. ಸೀರೆ ಕೊಟ್ಟೆ, ಎರಡು ಸೇರು ಹಿಡಿಯುವ ಒಂದು ಬೋಗುಣಿ ತೆಗೆದುಕೊಂಡೆ. ಗುಡಿಯಿಂದ ಬಂದ ಅವ್ವನಿಗೆ ಹೇಳಿದಾಗ ಅವಳು ಬೈಯಲಿಲ್ಲ. "ಕೊಡೋಕ ಮುಂಚೆ ತಿರುವಿ ನೋಡಿದ್ಯಾ?" ಎಂದಷ್ಟೇ ಕೇಳಿದಳು.

ಜೇಬಿನಂಥದ್ದು ಏನಾದರೂ ಇತ್ತೇನೋ, ದುಡ್ಡು ಗಿಡ್ಡು ಇಟ್ಟಿದ್ದಳೇನೋ ಎಂದು ನಾನು ತಿಳಿದೆ. "ಏನೂ ಇರಲಿಲ್ಲ ಅವ್ವ" ಎಂದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. 1996ರಲ್ಲಿ ತೀರಿಕೊಂಡಳು. ಬೋಗುಣಿ ಇನ್ನೂ ಇದೆ, ಅದರಲ್ಲಿ ಹಾಲು ಕಾಯಿಸುತ್ತೇವೆ.

ಅವ್ವ ನಮ್ಮ ಸೀಮೆಯವಳಲ್ಲ. ಧಾರವಾಡದ ಹತ್ತಿರದ ಹಳ್ಳಿಯಿಂದ 1947ರಲ್ಲಿ ಮದುವೆಯಾಗಿ ಬಂದವಳು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ನಮ್ಮ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಎರಡೂ ಕಡೆ ಮನೆಯಲ್ಲಿ ಆಡುವುದು ಕನ್ನಡವೇ ಆದರೂ ನಾಣ್ಯ ಬೇರೆ. ಅಲ್ಲಿ ಇಂಗ್ಲಿಷರ ರೂಪಾಯಿ, ಇಲ್ಲಿ ಹಾಲಿ ಸಿಕ್ಕ. ತವರಿನಿಂದ ತಂದ ದುಡ್ಡು ಇಲ್ಲಿ ಬದಲಿಸಬೇಕಿತ್ತು, ಕೈಯ ಕೆಲಸ ಮಾತ್ರ ಬದಲಿಸದೆ ನಡೆಯಿತು ಎಂದು ಅವ್ವ ಹೇಳುತ್ತಿದ್ದಳು. ಆ ಕೈಯ ಕೆಲಸವೇ ಕಸೂತಿ.

ಕೈ ಮತ್ತು ಸೂತಿ, ಅಂದರೆ ನೂಲು, ಸೇರಿ ಕಸೂತಿ ಆಯಿತೆನ್ನುತ್ತಾರೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆ ಬೆಳೆದ ಕಲೆ. ಈಗ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಅದರಲ್ಲಿ ಹೊಲಿಗೆ ನಾಲ್ಕು ಬಗೆ. ಗವಂತಿ, ಮುರ್ಗಿ, ನೇಗಿ, ಮೆಂತೆ. ಮೆಂತೆ ಎಂದರೆ ಮೆಂತ್ಯದ ಕಾಳಿನಂತೆ ಕಾಣುವ ಅಡ್ಡಕತ್ತರಿ ಹೊಲಿಗೆ. ನೇಗಿ ನೇಯ್ದಂತೆ ಕಾಣುತ್ತದೆ. ಮುರ್ಗಿ ಮೆಟ್ಟಿಲಂತೆ ಏರಿ ಇಳಿಯುತ್ತದೆ. ಗವಂತಿ ಗೆರೆಯ ಹೊಲಿಗೆ. ಅದೇ ನಮ್ಮ ಕುಂಚಿಗಿಯ ಆನೆ. ಗವಂತಿ ಮುರ್ಗಿಗಳಲ್ಲಿ ಅರಿವೆಯ ಎರಡೂ ಬದಿ ಒಂದೇ ತರ ಕಾಣಬೇಕು, ದಾರಕ್ಕೆ ಗಂಟು ಹಾಕುವಂತಿಲ್ಲ. ಮತ್ತೊಂದು ವಿಷಯ, ಇದಕ್ಕೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ಅರಿವೆಯ ಎಳೆಗಳನ್ನೇ ಎಣಿಸುತ್ತ ಹೋಗುವುದು. ಕರಿ ಅರಿವೆಯ ಮೇಲೆ ಕರಿ ಎಳೆ ಎಣಿಸಬೇಕು! ಅವ್ವ ಹಗಲು ಹೊತ್ತಿನಲ್ಲಿ, ಅದೂ ಹೊಸ್ತಿಲ ಬೆಳಕಿನಲ್ಲಿ ಮಾತ್ರ ಸೂಜಿ ಹಿಡಿಯುತ್ತಿದ್ದಳು. ಈಗಿನವರು ತೆಳು ಅರಿವೆಯ ಮೇಲೆ ಜಾಳಿಗೆ ಬಟ್ಟೆ ಇಟ್ಟು, ಅದರ ಕಣ್ಣು ಎಣಿಸಿ ಹೊಲಿದು, ಆಮೇಲೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ.

"ಎರಡೂ ಕಡೆ ಯಾಕೆ ಒಂದೇ ತರ?" ಎಂದು ಮೊಮ್ಮಗಳು ಕೇಳಿದಳು. ನಾನು ಸೆರಗು ಗಾಳಿಗೆ ಹಾರುತ್ತದೆ, ಎರಡೂ ಬದಿ ಕಾಣುತ್ತದೆ ಎಂದೇನೋ ಹೇಳಿದೆ. ಒಲೆಯ ಹತ್ತಿರದಿಂದ ನಮ್ಮ ಮನೆಯವಳು, "ಒಳಗಡೆ ಸಡಿಲು ದಾರ ಇದ್ದರ ಕೂಸಿನ ಬೆರಳು ಸಿಗಬೀಳತಾವ. ಗಂಟು ಒತ್ತತದ," ಎಂದಳು. ನಾನು ಹೇಳಿದ್ದು ಪುಸ್ತಕದ ಮಾತು, ಅವಳದು ನಾಲ್ಕು ಮಕ್ಕಳನ್ನು ಬೆಳೆಸಿದವಳ ಮಾತು.

ಈಗ ಆ ಎರಡು ಬದಿಯ ಗುಟ್ಟಿಗೆ ಬರುತ್ತೇನೆ. ಮಕ್ಕಳೇ, ಗಣಿತದ ಚೌಕಳಿ ಪುಸ್ತಕ ತೆಗೆದುಕೊಳ್ಳಿ. ಒಂದು ಕೆಂಪು ಪೆನ್ಸಿಲ್, ಒಂದು ನೀಲಿ. ಕೆಂಪು ಎಂದರೆ ದಾರ ಮುಂದಿನ ಬದಿಯಲ್ಲಿ ಇದೆ, ನೀಲಿ ಎಂದರೆ ಹಿಂದಿನ ಬದಿಯಲ್ಲಿ ಇದೆ. ಒಂದು ಗೆರೆಯ ಮೇಲೆ ಹೊರಡಿ, ಒಂದು ಮನೆ ಕೆಂಪು, ಮುಂದಿನ ಮನೆ ನೀಲಿ, ಮತ್ತೆ ಕೆಂಪು, ಮತ್ತೆ ನೀಲಿ. ಎಂಟು ಮನೆ ಹೋದರೆ ಮುಂದೆ ನಾಲ್ಕು ಗೆರೆ, ನಡುವೆ ಖಾಲಿ. ಹಿಂದೆ ನಾಲ್ಕು ಗೆರೆ, ನಡುವೆ ಖಾಲಿ. ಈಗ ಅದೇ ದಾರಿಯಲ್ಲಿ ಹೊರಳಿ ಬನ್ನಿ. ಹೋಗುವಾಗ ಕೊನೆಯದು ನೀಲಿ, ಆದ್ದರಿಂದ ಬರುವಾಗ ಅದೇ ಮನೆಗೆ ಕೆಂಪು. ಅದರ ಹಿಂದಿನ ಮನೆ ಹೋಗುವಾಗ ಕೆಂಪು, ಬರುವಾಗ ನೀಲಿ. ಹೀಗೆ ಹೊರಟ ಜಾಗಕ್ಕೆ ಬರುವ ಹೊತ್ತಿಗೆ ಎಲ್ಲ ಮನೆಗಳಿಗೂ ಎರಡೂ ಬಣ್ಣ ಬಿದ್ದಿರುತ್ತವೆ, ಎಲ್ಲೂ ಖಾಲಿ ಇಲ್ಲ.

ನೇರ ಗೆರೆ ಸುಲಭ. ಗೋಪುರಕ್ಕೆ ಕಳಸ ಇದೆ, ಆನೆಗೆ ಬಾಲ ಇದೆ, ಗಿಡಕ್ಕೆ ಕೊಂಬೆ ಇದೆ. ಅಲ್ಲೇನು ಮಾಡುವುದು? ನಾವಿಬ್ಬರೂ ಎರಡು ದಿನ ಅದರಲ್ಲೇ ಕಳೆದೆವು. ಮೂರನೇ ದಿನ ಅವಳಿಗೇ ಹೊಳೆಯಿತು. ಕೊಂಬೆ ಬಂದ ಕಡೆ ನಿಂತು, ಕೊಂಬೆಯ ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಕಾಂಡಕ್ಕೆ ವಾಪಸು ಬಂದು, ಆಮೇಲೆ ಮುಂದಕ್ಕೆ ಹೊರಡಬೇಕು. ಕೊಂಬೆ ಮೂರು ಮನೆ ಇದ್ದರೆ ಹೋಗಿ ಬರುವುದು ಆರು, ಐದಿದ್ದರೆ ಹತ್ತು. ಕೊಂಬೆ ಎಷ್ಟೇ ಉದ್ದವಿರಲಿ, ಹೋಗಿ ಬಂದ ಲೆಕ್ಕ ಯಾವಾಗಲೂ ಸರಿಸಂಖ್ಯೆಯೇ. ಸರಿಸಂಖ್ಯೆಯಾದ್ದರಿಂದ ಕಾಂಡದ ಕೆಂಪು-ನೀಲಿ ಸರದಿ ಕೆಡುವುದಿಲ್ಲ, ಬಿಟ್ಟಲ್ಲಿಂದ ಹಿಡಿಯಬಹುದು. ಕೊಂಬೆಗೆ ಮತ್ತೊಂದು ಕಿರುಕೊಂಬೆ ಇದ್ದರೂ ಇದೇ ನಿಯಮ. ಬೇಕಾದರೆ ಒಂದು ಬೇವಿನ ಗಿಡವನ್ನೇ ಬರೆದು ಪರೀಕ್ಷೆ ಮಾಡಿ. ಸಿಕ್ಕಿಬೀಳುವುದು ಯಾವಾಗ ಎಂದರೆ ಕೊಂಬೆಯಿಂದ ಅರ್ಧಕ್ಕೇ ಹಾರಿ ಬೇರೆ ಕಡೆ ಹೋದಾಗ.

ನನ್ನ ಅವ್ವ ಮೂರನೇ ಇಯತ್ತೆ ಓದಿದವಳು. ಸರಿಸಂಖ್ಯೆ ಬೆಸಸಂಖ್ಯೆ ಎಂಬ ಮಾತನ್ನು ಅವಳ ಬಾಯಲ್ಲಿ ಕೇಳಿದ ನೆನಪಿಲ್ಲ. "ಹೋದ ದಾರ ಬರಬೇಕು" ಎನ್ನುತ್ತಿದ್ದಳು. ನಾನು ಅದನ್ನು ಯಾವುದೋ ಗಾದೆ ಎಂದುಕೊಂಡಿದ್ದೆ.

ನಾನು ಬಿ.ಕಾಂ. ಮುಗಿಸಿ 1974ರಲ್ಲಿ ಬ್ಯಾಂಕು ಸೇರಿದವನು. ಜೀವನ ಪೂರ್ತಿ ಬರೆದದ್ದು ಜೋಡಿ ನಮೂದಿನ ಲೆಕ್ಕ. ಪ್ರತಿ ಖರ್ಚಿಗೂ ಒಂದು ಜಮಾ, ಎಡಕ್ಕೆ ಬಂದದ್ದು ಎಲ್ಲೋ ಒಂದು ಕಡೆ ಬಲಕ್ಕೂ ಬರಬೇಕು. ಆ ಪದ್ಧತಿಯನ್ನು ಅಚ್ಚಿನಲ್ಲಿ ಮೊದಲು ವಿವರಿಸಿದವನು ಲೂಕಾ ಪಚೋಲಿ ಎಂಬ ಇಟಲಿಯ ಸನ್ಯಾಸಿ, 1494ರಲ್ಲಿ, ವೆನಿಸ್ ನಗರದಲ್ಲಿ. ಪರೀಕ್ಷೆಗೆ ಅವನ ಹೆಸರು ಬಾಯಿಪಾಠ ಮಾಡಿದ್ದೆ. ಅವನ ಲೆಕ್ಕದ ತಂಗಿ ನಮ್ಮ ಹೊಸ್ತಿಲ ಮೇಲೆ ಕೂತಿದ್ದು ತಿಳಿಯಲಿಲ್ಲ.

ವೆನಿಸ್ ಎಂದ ಕೂಡಲೇ ಇನ್ನೊಂದು ನೆನಪಾಯಿತು. ನಮ್ಮ ನೆಂಟರ ಹುಡುಗನೊಬ್ಬ ಲಂಡನ್ನಿನಲ್ಲಿದ್ದಾನೆ. ಕುಂಚಿಗಿಯ ಫೋಟೋ ಕಳಿಸಿದಾಗ ಅವನು ಅಲ್ಲಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಗ್ರೀಸ್ ದೇಶದ ದ್ವೀಪಗಳ ಕಸೂತಿಯ ಚಿತ್ರಗಳನ್ನು ಕಳಿಸಿದ. ನೋಡಿ ಬೆರಗಾದೆ. ಅಲ್ಲೂ ಎಳೆ ಎಣಿಸುವ ಕೆಲಸ, ಅಲ್ಲೂ ರೇಷ್ಮೆ ದಾರ. ನಮ್ಮವರು ಉಡುವ ಸೀರೆಯ ಮೇಲೆ ಹೊಲಿದರೆ ಅವರು ಮನೆಯ ಅರಿವೆಗಳ ಮೇಲೆ, ತಲೆದಿಂಬಿನ ಚೀಲ, ಹಾಸಿಗೆಯ ಪರದೆ, ಹೊದಿಕೆಯ ಮೇಲೆ, ನಾರಗಸೆಯ ಬಟ್ಟೆಯಲ್ಲಿ ಹೊಲಿಯುತ್ತಿದ್ದರು. ರೋಡ್ಸ್ ಎಂಬ ದ್ವೀಪದಲ್ಲಿ ಮದುವೆಯ ಮಂಚಕ್ಕೆ ಗುಡಾರದಂತೆ ಇಳಿಬಿಡುವ ದೊಡ್ಡ ಪರದೆ ಇತ್ತು, ಅದರ ಹೆಸರು ಸ್ಪೆರ್ವೇರಿ. ಚೂಪಾದ ಉದ್ದ ಪಟ್ಟಿಗಳನ್ನು ಜೋಡಿಸಿ ಮಾಡಿದ್ದು. ನಾಕ್ಸೋಸ್ ದ್ವೀಪದಲ್ಲಿ ಎಲೆಗಳೇ ಸೇರಿ ನಕ್ಷತ್ರವಾದಂಥ ಚಿತ್ರ, ಬಹುಪಾಲು ಒಂದೇ ಕೆಂಪು ಬಣ್ಣ. ಸ್ಕೈರೋಸಿನಲ್ಲಿ ಹುಂಜ, ಹಾಯಿ ಹಡಗು. ನಮಗೆ ಹೊಲ ಗುಡಿ ತೇರು ಕಾಣುತ್ತದೆ, ಗೋಪುರ ತೇರು ಹೊಲಿದೆವು. ಅವರಿಗೆ ಕಿಟಕಿಯಾಚೆ ಸಮುದ್ರ. ಹೆಣ್ಣುಮಕ್ಕಳು ಮದುವೆಗೆ ಮುಂಚೆಯೇ ಹೊಲಿದಿಟ್ಟು ಗಂಡನ ಮನೆಗೆ ಒಯ್ಯುವುದು ಅಲ್ಲೂ ಇತ್ತು. ಆ ದ್ವೀಪಗಳಲ್ಲಿ ಕೆಲವನ್ನು ವೆನಿಸಿನವರು ಬಹಳ ಕಾಲ ಆಳಿದ್ದರು. ಕ್ರೀಟ್ ಅವರ ಕೈತಪ್ಪಿದ್ದು 1669ರಲ್ಲಿ.

ಆ ಅರಿವೆಗಳು ಲಂಡನ್ನಿಗೆ ಬಂದದ್ದು ಹೇಗೆ? ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಲನ್ ವೇಸ್ ಮತ್ತು ಆರ್. ಎಂ. ಡಾಕಿನ್ಸ್ ಎಂಬ ಇಬ್ಬರು ಇಂಗ್ಲಿಷ್ ಪುರಾತತ್ವದ ವಿದ್ವಾಂಸರು ಗ್ರೀಸಿನಲ್ಲಿ ನೆಲ ಅಗೆಯುವ ಕೆಲಸದ ಜೊತೆಗೆ ದ್ವೀಪ ದ್ವೀಪ ಸುತ್ತಿ ಈ ಕಸೂತಿಗಳನ್ನು ಕೂಡಿಹಾಕಿದರು. ಯಾವ ಅರಿವೆ ಯಾವ ದ್ವೀಪದ್ದು ಎಂದು ಇಂದು ಹೇಳಲಾಗುತ್ತಿರುವುದರಲ್ಲಿ ಅವರ ಪಾಲು ದೊಡ್ಡದು. ಆದರೆ ಅಷ್ಟು ಹೊತ್ತಿಗಾಗಲೇ ಎಷ್ಟೋ ಮನೆಗಳವರು ವ್ಯಾಪಾರಿಗಳಿಗೆ ಮಾರಿಬಿಟ್ಟಿದ್ದರು. ವ್ಯಾಪಾರಿಗಳು ಒಂದು ಪರದೆಯನ್ನು ತುಂಡು ತುಂಡು ಮಾಡಿ ಬೇರೆ ಬೇರೆಯವರಿಗೆ ಮಾರಿದ್ದೂ ಉಂಟು. ಅಲ್ಲಿಯ ಯಾವ ಮಗ ಎಷ್ಟು ದೊಡ್ಡ ಬೋಗುಣಿ ತೆಗೆದುಕೊಂಡನೋ.

ಎರಡೂ ಕಡೆ ಒಂದೇ ತರ ಕಾಣುವ ಈ ಹೋಗಿ ಬರುವ ಹೊಲಿಗೆಗೆ ಯುರೋಪಿನಲ್ಲಿ ಹೋಲ್ಬೈನ್ ಹೊಲಿಗೆ ಎಂದು ಹೆಸರು. ಹೋಲ್ಬೈನ್ ಹೊಲಿಯುವವನಲ್ಲ, 16ನೇ ಶತಮಾನದ ಚಿತ್ರಗಾರ. ದೊಡ್ಡವರ ಚಿತ್ರ ಬರೆಯುವಾಗ ಅವರ ಅಂಗಿಯ ತೋಳಿನ ಕಸೂತಿಯನ್ನೂ ಅಷ್ಟು ಕರಾರುವಾಕ್ಕಾಗಿ ಬರೆದನಂತೆ. ಹೊಲಿದವಳ ಹೆಸರು ಹೋಗಿ ಬರೆದವನ ಹೆಸರು ಉಳಿಯಿತು. ನಮ್ಮ ಗವಂತಿ ಎಂಬ ಹೆಸರೇ ನನಗೆ ಹೆಚ್ಚು ಇಷ್ಟ.

ನಮ್ಮ ವಳಕಮದಿನ್ನಿಯಲ್ಲಿ ಅವ್ವ ಬರುವ ಮುಂಚೆ ಕಸೂತಿ ಬಲ್ಲವರು ಇರಲಿಲ್ಲ. ಇಲ್ಲಿಯದು ಕೌದಿ. ಹರಿದ ಸೀರೆ, ಧೋತರ, ಕುಬಸದ ತುಂಡು ಎಲ್ಲ ಪದರ ಪದರವಾಗಿ ಹಾಕಿ ದಪ್ಪ ದಾರದಿಂದ ಓಡುಹೊಲಿಗೆ ಹಾಕಿದ ಹೊದಿಕೆ. ಅವ್ವ ಇಲ್ಲಿಯವರಿಂದ ಕೌದಿ ಕಲಿತಳು. ಮುಗಿಸುವಾಗ ನಡುಪದರದಲ್ಲಿ ನಾಲ್ಕು ಕಾಳು ಜೋಳ ಹಾಕಿ ಹೊಲಿಯುತ್ತಿದ್ದಳು, ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು. ಕಸೂತಿಯನ್ನು ಮಾತ್ರ ಇಲ್ಲಿ ಯಾರೂ ಅವಳಿಂದ ಕಲಿಯಲಿಲ್ಲ. ಜೋಳ ಹತ್ತಿಯ ಕಾಲದಲ್ಲೂ ಹೊಲದ ಕೆಲಸ ಇತ್ತು, ಆಮೇಲೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಭತ್ತ ಹಚ್ಚಿದ ಮೇಲಂತೂ ಹೆಂಗಸರಿಗೆ ಎಳೆ ಎಣಿಸುವಷ್ಟು ಪುರುಸೊತ್ತು ಎಲ್ಲಿಯದು?

ಆದರೆ ಈ ಸೂಜಿಯ ಊರುಗಳು ನಮ್ಮ ಸುತ್ತಲೂ ಇವೆ ಎಂಬುದು ನನಗೆ ನೌಕರಿಯಲ್ಲಿ ಗೊತ್ತಾಯಿತು. ಲಿಂಗಸುಗೂರು, ಮಸ್ಕಿ ಕಡೆಯ ತಾಂಡಾಗಳಿಂದ ಸಾಲಕ್ಕೆ ಬರುವ ಲಂಬಾಣಿ ಹೆಣ್ಣುಮಕ್ಕಳ ಕಾಂಚಳಿಯ ಮೇಲೆ ಕನ್ನಡಿ, ಕವಡೆ, ಮೈತುಂಬ ಹೊಲಿಗೆ. ಕೌಂಟರಿನ ಮುಂದೆ ಅವರು ನಿಂತರೆ ಫ್ಯಾನಿನ ಕೆಳಗೆ ಬೆಳಕು ಕುಣಿಯುತ್ತಿತ್ತು. ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಿಕೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 1755 ಲಂಬಾಣಿ ಕಸೂತಿ ವಸ್ತುಗಳನ್ನು ಒಂದೆಡೆ ತೋರಿಸಿ ಗಿನ್ನೆಸ್ ದಾಖಲೆ ಮಾಡಿದರು.

ಸಿಂಧನೂರು ತಾಲೂಕಿನಲ್ಲಿ ಆರ್. ಎಚ್. ಕ್ಯಾಂಪುಗಳಿವೆ. ಈಗಿನ ಬಾಂಗ್ಲಾದೇಶ ಆಗಿನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ ಅಲ್ಲಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಒಮ್ಮೆ ಬ್ಯಾಂಕಿನ ಕೆಲಸಕ್ಕೆ ಅಂಥ ಒಂದು ಕ್ಯಾಂಪಿಗೆ ಹೋದಾಗ ಒಂದು ಮನೆಯ ಅಂಗಳದಲ್ಲಿ ನನಗೆ ಕೂರಲು ಒಂದು ಹಾಸು ಹಾಸಿದರು. ಹಳೇ ಸೀರೆಗಳ ಪದರ, ಮೇಲೆಲ್ಲ ಓಡುಹೊಲಿಗೆ. "ಓಹೋ, ನಮ್ಮ ಕೌದಿ!" ಎಂದೆ. ಆ ಮನೆಯ ಮುದುಕಿ ಮುಖ ಗಂಟಿಕ್ಕಿ "ಕಾಂಥಾ" ಎಂದಳು. ನಾನು "ಕೌದಿ", ಅವಳು "ಕಾಂಥಾ". ಮಧ್ಯೆ ಕನ್ನಡ ಬಲ್ಲ ಅವಳ ಮೊಮ್ಮಗ ನಗುತ್ತಿದ್ದ. ಹಳೇ ಸೀರೆಯ ಅಂಚಿನಿಂದಲೇ ಬಣ್ಣದ ಎಳೆ ತೆಗೆದು ಅದರಿಂದಲೇ ಹೊಲಿಯುತ್ತೇವೆ ಎಂದು ಅವನ ಮೂಲಕ ಹೇಳಿದಳು. ಅಂದು ನಾನು ಅದನ್ನು ತಿರುವಿ ನೋಡಿದ್ದರೆ ಚೆನ್ನಾಗಿತ್ತು. ನೋಡಲಿಲ್ಲ, ವಸೂಲಿಗೆ ಹೋದವನು.

ಕುಂಚಿಗಿಗೆ ವಾಪಸು ಬರುತ್ತೇನೆ. ಮೊಮ್ಮಗಳು ಅದನ್ನು ಕಿಟಕಿಗೆ ಹಿಡಿದು ಒಂದೊಂದು ಆನೆಯನ್ನೂ ಎಣಿಸಿದಳು. ನಾಲ್ಕು ಆನೆ ಸರಿ. ಐದನೆಯದಕ್ಕೆ ಬಂದಾಗ, "ತಾತ, ಈ ಆನೆಗೆ ಮೂರೂವರೆ ಕಾಲು," ಎಂದಳು. ಕನ್ನಡಕ ಹಾಕಿ ನೋಡಿದೆ. ಮೂರು ಕಾಲಿಗೆ ತುಂಬು ಗೆರೆ. ನಾಲ್ಕನೆಯದಕ್ಕೆ ಬಿಟ್ಟು ಬಿಟ್ಟು ಗೆರೆ. ತಿರುವಿದರೂ ಬಿಟ್ಟು ಬಿಟ್ಟೇ. ದಾರ ಹೋಗಿದೆ, ಬಂದಿಲ್ಲ. ತುದಿಯಲ್ಲಿ ಬೆರಳುದ್ದದ ಕೆಂಪು ರೇಷ್ಮೆ ಹಾಗೇ ಇತ್ತು, ಈಗ ಅದು ಇಟ್ಟಂಗಿಯ ಬಣ್ಣ. ಮುಂದೆ ಒಂಬತ್ತು, ಹಿಂದೆ ಒಂಬತ್ತು ಹೊಲಿಗೆ ಬಾಕಿ.

ಯಾಕೆ ಬಿಟ್ಟಳು? ನಾನು ದಿನ ತುಂಬುವ ಮುಂಚೆ, ಇಪ್ಪತ್ತು ದಿನ ಅವಸರ ಮಾಡಿ ಹುಟ್ಟಿದೆನೆಂದು ಸೋದರತ್ತೆ ಹೇಳುತ್ತಿದ್ದಳು. ಅದೇ ಇರಬಹುದು. ದಾರ ಸಾಲದೇ ಹೋಗಿರಬಹುದು, ಆಗ ರೇಷ್ಮೆ ದಾರ ತವರಿನ ಕಡೆಯಿಂದ ಬರಬೇಕಿತ್ತು. ಅಥವಾ ಆಮೇಲೆ ಮಾಡಿದರಾಯಿತು ಎಂದು ಇಟ್ಟು, ನನ್ನ ಹಿಂದೆ ಮೂವರು ಹುಟ್ಟಿ, ಮರೆತಿರಬಹುದು. ಕೇಳಬೇಕಾದವಳು ಇಲ್ಲ.

"ನಾನು ಮುಗಿಸಲಾ?" ಎಂದಳು ಮೊಮ್ಮಗಳು. ನನ್ನ ಬಾಯಿಂದ ಬೇಡ ಎಂದು ಜೋರಾಗಿಯೇ ಬಂತು. ಅವಳಿಗೆ ಬೇಜಾರಾಯಿತು. ನಮ್ಮ ಮನೆಯವಳು ಆ ರಾತ್ರಿ, "ನಿಮ್ಮವ್ವ ಬೇಕಂತ ಬಿಟ್ಟಿದ್ದಲ್ಲ. ಸೀರಿ ಕೊಡಬ್ಯಾಕಾದರ ನಿಮಗ ಇಷ್ಟು ಸಂಕಟ ಇರಲಿಲ್ಲಲ್ಲ," ಎಂದಳು. ನಲವತ್ತು ವರ್ಷದಲ್ಲಿ ಆ ಸೀರೆಯ ಮಾತು ಅವಳು ಎತ್ತಿದ್ದು ಅದೇ ಮೊದಲು.

ಮರುದಿನ ಒಪ್ಪಂದವಾಯಿತು. ಮೊದಲು ಬೇರೆ ಅರಿವೆಯ ಮೇಲೆ ಒಂದು ಪೂರ್ತಿ ಆನೆ ಮಾಡಿ ತೋರಿಸಬೇಕು, ಎರಡೂ ಬದಿ ಸರಿಯಾಗಿರಬೇಕು, ಆಮೇಲೆ ನೋಡೋಣ. ಸಿಂಧನೂರಿನಿಂದ ಮ್ಯಾಟಿ ಬಟ್ಟೆ ತಂದೆ, ಶಾಲೆಯ ಹೊಲಿಗೆ ಕ್ಲಾಸಿಗೆ ಬಳಸುತ್ತಾರಲ್ಲ, ಎಳೆ ಎದ್ದು ಕಾಣುವ ಬಟ್ಟೆ. ಕೆಂಪು ದಾರದ ಲಡಿ ತಂದೆ. ಅಂಗಡಿಯವನು, "ಯಾರಿಗ್ರಿ ಸರ, ಮೊಮ್ಮಗಳಿಗೇನು?" ಎಂದ. ಹೌದು ಎಂದೆ. ಅರ್ಧ ನಿಜ.

ಅವಳು ಸೊಂಡಿಲಿನಿಂದ ಹೊರಟು ಬೆನ್ನು ಹತ್ತಿ ಬಾಲಕ್ಕೆ ಹೋಗಿ ಬಂದು ಕಾಲುಗಳನ್ನು ಇಳಿದು ಹತ್ತಿ ಒಂದು ಸುತ್ತು ಮುಗಿಸಿದಳು. ಹೊರಳಿ ಬರುವಾಗ ಎರಡನೇ ಕಾಲಿನ ಹತ್ತಿರ ಕೆಟ್ಟಿತು. ಮುಂದೆ ಹೊಲಿಗೆಯ ಮೇಲೆ ಹೊಲಿಗೆ ಬೀಳುತ್ತಿದೆ, ಹಿಂದೆ ಖಾಲಿ ಉಳಿಯುತ್ತಿದೆ. ಬಿಚ್ಚಿದಳು, ಮತ್ತೆ ಹೊಲಿದಳು, ಮತ್ತೆ ಅಲ್ಲೇ. ಅತ್ತಳು ಕೂಡ.

ಇಲ್ಲಿ ನನ್ನ ಹಳೇ ಕಸುಬು ಉಪಯೋಗಕ್ಕೆ ಬಂತು. ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ನಾವು ಎರಡು ಪರೀಕ್ಷೆ ಮಾಡುತ್ತಿದ್ದೆವು. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುವುದು. ಶೇಷ ಉಳಿಯದಿದ್ದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು, 63 ಬದಲು 36 ಬರೆದಂತೆ. ವ್ಯತ್ಯಾಸವನ್ನು ಅರ್ಧ ಮಾಡಿ ನೋಡುವುದು; ಆ ಅರ್ಧದ ಮೊತ್ತ ಲೆಡ್ಜರಿನಲ್ಲಿ ಎಲ್ಲಾದರೂ ಸಿಕ್ಕರೆ ಅದು ಬಲಕ್ಕೆ ಹೋಗುವ ಬದಲು ಎಡಕ್ಕೆ ಬಿದ್ದಿದೆ ಎಂದು ಅರ್ಥ. ತಪ್ಪು ಕಂಡ ಜಾಗದಲ್ಲಿ ತಪ್ಪು ಆಗಿರುವುದಿಲ್ಲ, ಹಿಂದೆಲ್ಲೋ ಆಗಿರುತ್ತದೆ. ಹಾಗೆಯೇ ನಾವು ಹಿಂದಕ್ಕೆ ಎಣಿಸುತ್ತ ಬಂದೆವು. ಮೂರನೇ ಕಾಲಿನ ಪಾದದಲ್ಲಿ ಒಂದು ಮನೆಯ ಬದಲು ಎರಡು ಮನೆಯ ಉದ್ದದ ಒಂದು ಹೊಲಿಗೆ. ಎರಡನ್ನು ಒಂದೇ ಎಂದು ಎಣಿಸಿದ್ದಳು. ಅಲ್ಲಿಂದ ಮುಂದೆ ಸರದಿ ಪೂರ್ತಿ ಅದಲುಬದಲು. ಅಷ್ಟನ್ನೂ ಬಿಚ್ಚಬೇಕಾಯಿತು. ಬಿಚ್ಚುವುದನ್ನು ನಾನೇ ಮಾಡಿದೆ. ಸೂಜಿಯ ಹಿಂಬದಿಯಿಂದ ಎಳೆ ಎತ್ತುವುದು, ನೋಟು ಎಣಿಸಿದ ಬೆರಳಿಗೆ ಅದು ಬೇಗ ಒಗ್ಗಿತು.

ಜೂನಿನಲ್ಲಿ ಶಾಲೆ ತೆರೆಯಿತು. ಅವಳು ಹೊರಡುವ ಹೊತ್ತಿಗೆ ಆನೆಯ ಹೋಗುವ ದಾರಿ ಪೂರ್ತಿಯಾಗಿತ್ತು, ಬರುವ ದಾರಿ ಬೆನ್ನಿನವರೆಗೆ ಬಂದಿತ್ತು. ಸೂಜಿಯನ್ನು ಅರಿವೆಗೆ ಚುಚ್ಚಿ ನನ್ನ ಕೈಗೆ ಕೊಟ್ಟು, "ಉಳಿದದ್ದು ನೀನು ಮಾಡು ತಾತ, ದಸರೆಗೆ ಬಂದು ಎರಡೂ ಕಡೆ ಚೆಕ್ ಮಾಡ್ತೀನಿ," ಎಂದು ಬಸ್ಸು ಹತ್ತಿದಳು.

ಈಗ ಬೆಳಗ್ಗೆ ಎಂಟರಿಂದ ಒಂಬತ್ತೂವರೆವರೆಗೆ ನಾನು ಹೊಸ್ತಿಲ ಹತ್ತಿರ ಕೂರುತ್ತೇನೆ. ಬೀದಿಯಲ್ಲಿ ಹೋಗುವವರು ಮೊದಮೊದಲು ನಿಂತು ನೋಡುತ್ತಿದ್ದರು. ಒಬ್ಬರು "ಏನ್ರಿ ಸಾಹೇಬ್ರ, ಮನಿಯಾಗ ಸೂಜಿ ನಿಮ್ಮ ಕೈಗೆ ಕೊಟ್ಟಾರ?" ಎಂದು ನಕ್ಕರು. ಸೂಜಿಗೆ ದಾರ ಪೋಣಿಸಲು ನನಗೆ ಎರಡು ಕನ್ನಡಕ ಬೇಕು, ದಿನಕ್ಕೆ ಹತ್ತು ಹನ್ನೆರಡು ಹೊಲಿಗೆಯಾದರೆ ಹೆಚ್ಚು. ಒಂದು ದಿನ ಏಳು ಹಾಕಿ ನಾಲ್ಕು ಬಿಚ್ಚಿದೆ. ನಿನ್ನೆ ಬೆನ್ನು ಮುಗಿದು ಸೊಂಡಿಲಿಗೆ ಬಂದಿದ್ದೇನೆ.

ಕುಂಚಿಗಿಯಿಂದ ಕಾಗದಪತ್ರಗಳನ್ನು ತೆಗೆದು ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿದ್ದೇನೆ. ಐದನೇ ಆನೆ ಹಾಗೇ ಇದೆ, ಬೆರಳುದ್ದದ ದಾರವೂ. ದಸರೆಯಲ್ಲಿ ಅದರ ವಿಷಯ ಮೊಮ್ಮಗಳು ಮತ್ತೆ ಕೇಳುತ್ತಾಳೆ.